ಹಂಚಿಕೆ, ಅಂಕಿತ, ಸಂಗ್ರಹ: ಅಂತರ್ಜಾಲದ ಬಳಗಗಳು ಮತ್ತು ಡೊಂಬಿವಲಿಯ ಕನ್ನಡ ಬರವಣಿಗೆ

1. ಪ್ರವೇಶ

ಸಾಹಿತ್ಯರಚನೆ ಏಕಾಂತದ ಕೆಲಸವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಕನ್ನಡ ಸಾಹಿತ್ಯಚರಿತ್ರೆಯನ್ನು ಅವಲೋಕಿಸಿದಾಗ ಅದರ ಹಲವು ಮಹತ್ವದ ಘಟ್ಟಗಳು ಬಳಗಗಳ ನಡುವೆಯೇ ರೂಪುಗೊಂಡಿರುವುದು ಕಂಡುಬರುತ್ತದೆ. ಹನ್ನೆರಡನೆಯ ಶತಮಾನದ ಶರಣರು, ಅನಂತರದ ಹರಿದಾಸರು, ಇಪ್ಪತ್ತನೆಯ ಶತಮಾನದಲ್ಲಿ ಬೇಂದ್ರೆಯವರನ್ನೊಳಗೊಂಡ ಧಾರವಾಡದ 'ಗೆಳೆಯರ ಗುಂಪು' ಇವೆಲ್ಲ ಬರೆಯುವವರು ಒಬ್ಬರನ್ನೊಬ್ಬರು ಕೇಳಿ, ಓದಿ, ಪ್ರಶ್ನಿಸಿ ಬೆಳೆದ ನಿದರ್ಶನಗಳು. ಇಂದು ಅಂಥ ಬಳಗಗಳ ಸ್ಥಾನವನ್ನು ಬಹುಮಟ್ಟಿಗೆ ಅಂತರ್ಜಾಲದ ಬಳಗಗಳು ತುಂಬುತ್ತಿವೆ. ಅವುಗಳಲ್ಲಿ ಕವಿತೆ, ಹನಿಗವನ, ಲಲಿತಪ್ರಬಂಧ, ನೆನಪಿನ ಬರಹಗಳು ದಿನವೂ ಹಂಚಿಕೆಯಾಗುತ್ತಿವೆ.

ಈ ಬರಹಗಳ ಗುಣಮಟ್ಟವನ್ನು ಕುರಿತು ಚರ್ಚೆ ಸಾಕಷ್ಟು ನಡೆದಿದೆ. ಪ್ರಸ್ತುತ ಲೇಖನದ ಉದ್ದೇಶ ಅದಲ್ಲ. ಬರೆದುದನ್ನು ಹಂಚಿಕೊಂಡ ಮಾತ್ರಕ್ಕೆ ಬಳಗವೊಂದರಲ್ಲಿ ಭಾಗವಹಿಸಿದಂತಾಗುತ್ತದೆಯೆ ಎಂಬುದೇ ಇಲ್ಲಿನ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಹೊಸ ಶಾಸ್ತ್ರವೊಂದನ್ನು ಎರವಲು ತರಬೇಕಾದ ಅಗತ್ಯವಿಲ್ಲ. ಕನ್ನಡ ವಿಭಾಗಗಳಲ್ಲಿ ನಾವು ಕಲಿತು ಕಲಿಸುತ್ತ ಬಂದಿರುವ ಗ್ರಂಥಸಂಪಾದನಶಾಸ್ತ್ರ ಮತ್ತು ವಚನಸಾಹಿತ್ಯದ ಇತಿಹಾಸ ಇವೆರಡೇ ಈ ವಿಚಾರಕ್ಕೆ ಸಾಕಷ್ಟು ಬೆಳಕು ನೀಡಬಲ್ಲವು. ನಿದರ್ಶನಕ್ಕಾಗಿ ಹೊರನಾಡ ಕನ್ನಡಿಗರು ನೆಲೆಸಿರುವ ಡೊಂಬಿವಲಿಯ ಪರಿಸರವನ್ನು ಆರಿಸಿಕೊಳ್ಳಲಾಗಿದೆ.

2. ಡೊಂಬಿವಲಿಯ ಪರಿಸರ

ಠಾಣೆ ಜಿಲ್ಲೆಯ ಡೊಂಬಿವಲಿ, ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಗೆ ಸೇರಿದ ಪಟ್ಟಣ. 1962ರಲ್ಲಿ ಸ್ಥಾಪನೆಗೊಂಡ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು ಇಲ್ಲಿ ಕೈಗಾರಿಕಾ ವಸಾಹತನ್ನು ನಿರ್ಮಿಸಿತು. ನಿಗಮದ ಹೆಸರಿನ ಮೊದಲಕ್ಷರಗಳಾದ 'ಎಂಐಡಿಸಿ' ಎಂಬುದೇ ಈಗ ಆ ಪ್ರದೇಶದ ಹೆಸರಾಗಿ ನಿಂತಿದೆ. ರಾಸಾಯನಿಕ, ಬಣ್ಣ, ಔಷಧ, ಜವಳಿ ಸಂಸ್ಕರಣ ಮೊದಲಾದ ಕಾರ್ಖಾನೆಗಳೂ ಅವುಗಳಿಗೆ ಹೊಂದಿಕೊಂಡ ವಸತಿ ವಿಭಾಗವೂ ಇಲ್ಲಿವೆ. ಕರಾವಳಿಯಿಂದ ಬಂದ ತುಳು, ಕೊಂಕಣಿ, ಕನ್ನಡ ಮನೆಮಾತಿನವರು, ಉತ್ತರ ಕರ್ನಾಟಕದಿಂದ ಬಂದ ಕಾರ್ಮಿಕರು, ಹೋಟೆಲು ಮತ್ತು ಕ್ಯಾಂಟೀನು ನಡೆಸುವವರು, ಕಚೇರಿಗಳ ನೌಕರರು ಹೀಗೆ ಹಲವು ವರ್ಗಗಳ ಕನ್ನಡಿಗರು ಪಟ್ಟಣದಲ್ಲಿ ನೆಲೆಸಿದ್ದಾರೆ. ಡೊಂಬಿವಲಿ ಕರ್ನಾಟಕ ಸಂಘವು ಮಂಜುನಾಥನ ಹೆಸರಿನ ವಿದ್ಯಾಸಂಸ್ಥೆಗಳನ್ನು ಕಟ್ಟಿ ಬೆಳೆಸಿದೆ. ಮರಾಠಿ ಸಾಂಸ್ಕೃತಿಕ ವಲಯದಲ್ಲಿಯೂ ಈ ಪಟ್ಟಣಕ್ಕೆ ಗೌರವದ ಸ್ಥಾನವಿದೆ. 2017ರ ಫೆಬ್ರವರಿಯಲ್ಲಿ 90ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆದುದು ಇಲ್ಲಿಯೇ.

ಆದರೆ ಮುಂಬಯಿ ಕನ್ನಡ ಸಾಹಿತ್ಯದ ಚಟುವಟಿಕೆಗಳು ದೀರ್ಘಕಾಲದಿಂದ ಮಾಟುಂಗಾ, ಮಾಹಿಮ್, ಕೋಟೆ ಮುಂತಾದ ಪ್ರದೇಶಗಳ ಸುತ್ತ ಬೆಳೆದುಬಂದಿವೆ. 1926ರಲ್ಲಿ ಪ್ರಾರಂಭವಾದ ಮೈಸೂರು ಅಸೋಸಿಯೇಶನ್, ಮಾಹಿಮ್‌ನ ಕರ್ನಾಟಕ ಸಂಘ ಮೊದಲಾದವು ಉಪನ್ಯಾಸ, ನಾಟಕ, ಕವಿಗೋಷ್ಠಿಗಳ ಮೂಲಕ ಅನೇಕ ಲೇಖಕರನ್ನು ಬೆಳೆಸಿದವು. 'ನೇಸರು', 'ಮೊಗವೀರ', 'ಸ್ನೇಹಸಂಬಂಧ' ಮುಂತಾದ ಪತ್ರಿಕೆಗಳು ಹೊಸಬರ ಬರಹಕ್ಕೆ ಎಡೆಗೊಟ್ಟವು. ಲೇಖಕಿಯರು 'ಸೃಜನಾ' ಎಂಬ ತಮ್ಮದೇ ಬಳಗವನ್ನು ಕಟ್ಟಿಕೊಂಡರು. ಡೊಂಬಿವಲಿಯವರಿಗೆ ಇಂಥ ಸಭೆಯೊಂದರಲ್ಲಿ ಪಾಲ್ಗೊಳ್ಳುವುದೆಂದರೆ ಲೋಕಲ್ ರೈಲಿನಲ್ಲಿ ದೀರ್ಘ ಪ್ರಯಾಣ, ತಡರಾತ್ರಿ ಹಿಂದಿರುಗುವ ಆತಂಕ. ಪಾಳಿಯಲ್ಲಿ ದುಡಿಯುವ ಕಾರ್ಮಿಕನಿಗೂ ಸಂಜೆಯ ಅಡುಗೆ, ಮಕ್ಕಳ ಪಾಠಗಳ ಹೊಣೆ ಹೊತ್ತ ಗೃಹಿಣಿಗೂ ಅದು ಬಹುವೇಳೆ ಸಾಧ್ಯವಾಗದ ಮಾತಾಗಿತ್ತು.

ಅಂತರ್ಜಾಲದ ಬಳಗಗಳು ನಿವಾರಿಸಿದುದು ಮೊದಲಿಗೆ ಈ ದೂರವನ್ನು. 2020ರ ಮಾರ್ಚಿನಲ್ಲಿ ಮುಂಬಯಿಯ ಲೋಕಲ್ ರೈಲುಗಳು ನಿಂತುಹೋದಾಗ ಈ ಸಂಗತಿ ಸ್ಪಷ್ಟವಾಯಿತು. ಸಂಘಗಳ ಸಭಾಗೃಹಗಳು ಮುಚ್ಚಿದವು. ಗೋಷ್ಠಿಗಳು ಮೊಬೈಲಿನ ಪರದೆಗೆ ಸರಿದವು. ಎರಡೂ ಲಸಿಕೆ ಪಡೆದ ಸಾಮಾನ್ಯ ಪ್ರಯಾಣಿಕರಿಗೆ 2021ರ ಆಗಸ್ಟ್ 15ರಿಂದ ರೈಲು ಮತ್ತೆ ತೆರೆಯಿತಾದರೂ ಆ ಅವಧಿಯಲ್ಲಿ ಬೇರೂರಿದ ರೂಢಿ ಉಳಿದುಕೊಂಡಿತು. ದೂರದ ಕಾರಣದಿಂದ ಕೇಳುಗರಾಗಿಯೂ ಬರಲಾಗದಿದ್ದವರು ಬರೆಯುವವರಾಗಿ ಕಾಣಿಸಿಕೊಳ್ಳುವ ಅವಕಾಶ ದೊರೆತುದು ಸಣ್ಣ ಸಂಗತಿಯಲ್ಲ.

3. ಲಿಪಿ ನಡೆದು ಬಂದ ದಾರಿ

ಇಂದು ಕೈಬೆರಳಿನಿಂದ ಒತ್ತಿದೊಡನೆ ಕನ್ನಡ ಅಕ್ಷರ ಮೂಡುವುದು ಸಹಜವೆನಿಸುತ್ತದೆ. ಇದರ ಹಿಂದೆ ಹಲವರ ಪರಿಶ್ರಮವಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಹಾಗೂ ಟಾಟಾ ಪ್ರೆಸ್‌ಗಳಲ್ಲಿ ಸೇವೆ ಸಲ್ಲಿಸಿದ ಕೆ. ಪಿ. ರಾವ್ ಅವರು ಕನ್ನಡದ ಧ್ವನಿವ್ಯವಸ್ಥೆಗೆ ಅನುಗುಣವಾದ ಕೀಲಿಮಣೆಯನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'. ಛಂದಸ್ಸು, ಶಬ್ದಾರ್ಥಗಳ ಪಂಡಿತರಾದ ಸೇಡಿಯಾಪು ಕೃಷ್ಣಭಟ್ಟರಿಗೆ ಸಂದ ಗೌರವವಿದು. 1991ರಲ್ಲಿ ಹೊರಬಂದ ಯೂನಿಕೋಡ್ ಸಂಕೇತವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗ ದೊರೆಯಿತು. 1996ರಲ್ಲಿ ಯು. ಬಿ. ಪವನಜರ 'ವಿಶ್ವಕನ್ನಡ', 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ತಂತ್ರಾಂಶ, 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ 'ಸಂಪದ' ಬಂದವು. ಕೊನೆಯ ಎರಡರಲ್ಲಿ ಓದುಗರೇ ಲೇಖಕರಾದರು ಎಂಬುದು ವಿಶೇಷ.

ಹೊರನಾಡಿನಲ್ಲಿ ಇದಕ್ಕೆ ಇನ್ನೊಂದು ಮಹತ್ವವಿದೆ. ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಕ್ಷೀಣಿಸಿವೆ. ಮನೆಯಲ್ಲಿ ಕನ್ನಡವನ್ನೊ ತುಳುವನ್ನೊ ಆಡುವ, ಆದರೆ ಕನ್ನಡ ಅಕ್ಷರವನ್ನು ಓದಲಾರದ ತಲೆಮಾರು ಬೆಳೆದು ನಿಂತಿದೆ. ಇಂಥ ಕುಟುಂಬಗಳಲ್ಲಿ ಕನ್ನಡ ಲಿಪಿ ದಿನವೂ ಕಣ್ಣಿಗೆ ಬೀಳುವ ಕೊನೆಯ ಸ್ಥಳ ತಂದೆತಾಯಿಯರ ಮೊಬೈಲಿನ ಬಳಗವೇ ಆಗಿರಬಹುದು. ಆದುದರಿಂದ ಅಲ್ಲಿ ಏನು ಓದಲ್ಪಡುತ್ತದೆ, ಅದು ಹೇಗೆ ಉಳಿಯುತ್ತದೆ ಎಂಬುದನ್ನು ಲಘುವಾಗಿ ಕಾಣುವಂತಿಲ್ಲ.

4. 'ಚಾಳು' 'ಬಾಳು' ಆಗುವ ಬಗೆ

ಹಂಚಿಕೆಯ ಸ್ವರೂಪವನ್ನು ತಿಳಿಯಲು ಒಂದು ಸಂದರ್ಭವನ್ನು ಭಾವಿಸಿಕೊಳ್ಳೋಣ. ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಎರಡನೆಯ ಪಾಳಿ ಮುಗಿಸಿ ಬಂದವನೊಬ್ಬ ತನ್ನ ಬಳಗದಲ್ಲಿ ನಾಲ್ಕು ಸಾಲಿನ ಕವಿತೆಯನ್ನು ಹಾಕುತ್ತಾನೆ ಎನ್ನೋಣ. ಅದರ ಮೊದಲ ಸಾಲು: 'ನಮ್ಮ ಚಾಳಿನ ತುಂಬ ಒಂದೇ ನಳದ ಸದ್ದು'. ನಸುಕಿನಲ್ಲಿ ಚಾಳಿಗೆಲ್ಲ ಇರುವ ಒಂದೇ ನಳದ ಮುಂದೆ ಕೊಡಗಳು ಸಾಲುಗಟ್ಟುವ ಚಿತ್ರವದು. ಸದಸ್ಯನೊಬ್ಬ ಇದನ್ನು ಊರಿನ ಇನ್ನೊಂದು ಬಳಗಕ್ಕೆ ಕಳಿಸುತ್ತಾನೆ. ಅಲ್ಲಿ ಯಾರೋ ಅದನ್ನು ನಕಲು ಮಾಡಿಕೊಂಡು, ತಪ್ಪಾಗಿದೆಯೆಂದು ತಾವೇ ಭಾವಿಸಿದ ಪದಗಳನ್ನು ತಿದ್ದಿ, ಹೂವಿನ ಚಿತ್ರವೊಂದರ ಮೇಲೆ ಅಚ್ಚುಹಾಕುತ್ತಾರೆ. ಕೆಲದಿನಗಳಲ್ಲಿ ಅದು ಡೊಂಬಿವಲಿಗೇ ಮರಳುತ್ತದೆ: 'ನಮ್ಮ ಬಾಳಿನ ತುಂಬ ಒಂದೇ ನಲಿವ ಸದ್ದು'. ಕವಿಯ ಹೆಸರು ಇರುವುದಿಲ್ಲ. ಶುಭೋದಯವೆಂಬ ಪದ ಸೇರಿಕೊಂಡಿರುತ್ತದೆ.

ಗ್ರಂಥಸಂಪಾದನೆಯನ್ನು ಅಭ್ಯಸಿಸಿದ ವಿದ್ಯಾರ್ಥಿಗೆ ಇಲ್ಲಿ ಪರಿಚಿತವಲ್ಲದುದು ಏನೂ ಇಲ್ಲ. ಡಿ. ಎಲ್. ನರಸಿಂಹಾಚಾರ್, ಎಂ. ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಓಲೆಗರಿಯ ಪ್ರತಿಗಳನ್ನು ಕುರಿತು ವಿವೇಚಿಸಿದ ಪಾಠಾಂತರ, ಲೋಪ, ಪ್ರಕ್ಷೇಪಗಳೆಲ್ಲ ಈ ಒಂದು ಸಾಲಿನ ಪಯಣದಲ್ಲಿವೆ. ಕವಿಯ ಹೆಸರು ಬಿಟ್ಟುಹೋದುದು ಲೋಪ. ಶುಭೋದಯ ಸೇರಿದುದು ಪ್ರಕ್ಷೇಪ. ಮುಂಬಯಿಯ ವಸತಿಸಾಲನ್ನು ಹೇಳುವ 'ಚಾಳು' ಎಂಬ ಪದದ ಪರಿಚಯವಿಲ್ಲದ ಪ್ರತಿಕಾರ, ತನಗೆ ಪರಿಚಿತವಾದ 'ಬಾಳು' ಎಂಬುದನ್ನು ಆ ಸ್ಥಾನದಲ್ಲಿ ಇರಿಸುತ್ತಾನೆ. ನಲ್ಲಿ ಎಂಬ ಪದವನ್ನೇ ಬಲ್ಲವನಿಗೆ 'ನಳ' ಎಂದರೆ ದಮಯಂತಿಯ ಪತಿ. ಆದುದರಿಂದ 'ನಳದ' ಹೋಗಿ 'ನಲಿವ' ಬರುತ್ತದೆ. ಕ್ಲಿಷ್ಟಪಾಠವು ಸುಲಭಪಾಠಕ್ಕೆ ಎಡೆಮಾಡಿಕೊಡುತ್ತದೆ, ಆದಕಾರಣ ಸಂಪಾದಕನು ಕ್ಲಿಷ್ಟಪಾಠದತ್ತ ಮೊದಲು ದೃಷ್ಟಿ ಹರಿಸಬೇಕು ಎಂಬ ಸೂತ್ರ ಇಲ್ಲಿಯೂ ಅನ್ವಯಿಸುತ್ತದೆ. ಪ್ರತಿಕಾರನಲ್ಲಿ ದುರುದ್ದೇಶವಿರಲಿಲ್ಲ. ಅವನು ತಿದ್ದಿದೆನೆಂದೇ ತಿಳಿದ. ಆದರೆ ನೀರಿನ ಅಭಾವವನ್ನು ಹೇಳಿದ ಸಾಲು ಹಾರೈಕೆಯ ಸಾಲಾಯಿತು.

ಈ ಹಾನಿಯ ಸ್ವರೂಪವನ್ನು ಸರಿಯಾಗಿ ಗುರುತಿಸಬೇಕಾಗಿದೆ. ಇಲ್ಲಿ ಅಳಿಸಿಹೋದುದು ಡೊಂಬಿವಲಿ. ಮುಂಬಯಿ ಕನ್ನಡ ಸಾಹಿತ್ಯ ಕನ್ನಡಕ್ಕೆ ಕೊಟ್ಟ ವಿಶಿಷ್ಟ ಕಾಣಿಕೆಯೆಂದರೆ ಮಹಾನಗರದ ದುಡಿಮೆಯ, ಇಕ್ಕಟ್ಟಿನ, ಓಡಾಟದ ಅನುಭವ. ಪಾಲಿಮರ್ ತಂತ್ರಜ್ಞರಾಗಿದ್ದ ಯಶವಂತ ಚಿತ್ತಾಲರು 'ಶಿಕಾರಿ'ಯಲ್ಲಿ (1979) ಉದ್ಯಮಲೋಕದ ಒಳಗನ್ನು ಕನ್ನಡಕ್ಕೆ ತಂದರು. ಜೀವರಸಾಯನಶಾಸ್ತ್ರವನ್ನು ಓದಿ ಮುಂಬಯಿಯ ಔಷಧೋದ್ಯಮದಲ್ಲಿ ಕೆಲಸಮಾಡಿದ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ 2018ರ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಬಹುಮಾನವನ್ನು ಪಡೆದವು. ಸ್ಥಳದ ವಿವರಗಳನ್ನು ಕೈಬಿಡದಿದ್ದುದರಿಂದಲೇ ಅವು ದೂರದ ಓದುಗರನ್ನೂ ತಲುಪಿದವು. ಎಂಐಡಿಸಿಯ ನಿವಾಸಿಗಳಿಗೆ ಹೇಳಲು ತಮ್ಮದೇ ಆದ ಸಂಗತಿಗಳಿವೆ. 2016ರ ಮೇ 26ರಂದು ಹಾಗೂ 2024ರ ಮೇ 23ರಂದು ಇಲ್ಲಿನ ರಾಸಾಯನಿಕ ಕಾರ್ಖಾನೆಗಳಲ್ಲಿ ಸಂಭವಿಸಿದ ಸ್ಫೋಟಗಳು ಒಂದೊಂದರಲ್ಲಿಯೂ ಹತ್ತಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡವು. ಸುತ್ತಲಿನ ಮನೆಗಳ ಗಾಜುಗಳು ಒಡೆದವು. ಇಂಥ ಪರಿಸರದಲ್ಲಿ ಬದುಕಿದವರ ಬರಹದಲ್ಲಿ ಸ್ಥಳದ ಹೆಸರು, ದಿನಾಂಕ, ಕೆಲಸದ ಪದ ಇವು ಅಲಂಕಾರಗಳಲ್ಲ, ಸಾಕ್ಷ್ಯಗಳು. ಅವುಗಳನ್ನು ಕಳೆದರೆ ಉಳಿಯುವುದು ಯಾರು ಬೇಕಾದರೂ ಎಲ್ಲಿ ಬೇಕಾದರೂ ಬರೆಯಬಹುದಾಗಿದ್ದ ಬರಹ.

5. ಅಂಕಿತದ ಪ್ರಶ್ನೆ

ಬರಹ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ದಾಟುವಾಗ ಕರ್ತೃವಿನ ಹೆಸರು ಕಳೆದುಹೋಗುವ ಅಪಾಯ ಹೊಸದಲ್ಲ. ವಚನಕಾರರು ಮತ್ತು ಹರಿದಾಸರ ಅಂಕಿತವನ್ನು ಈ ದೃಷ್ಟಿಯಿಂದಲೂ ನೋಡಬಹುದು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ಭಕ್ತಿಯ ಸಂಬೋಧನೆಗಳು. ಅದರ ಜೊತೆಗೆ ಅವು ರಚನೆಯ ಹೊರಗೆ ಅಂಟಿಸಿದ ಹೆಸರುಗಳಾಗದೆ ರಚನೆಯ ಅಂಗಗಳಾಗಿದ್ದುದರಿಂದ ಶತಮಾನಗಳ ಪ್ರತಿಕರಣವನ್ನು ದಾಟಿ ಉಳಿದವು. ವಚನಗಳ ಕರ್ತೃತ್ವ ನಿರ್ಣಯಕ್ಕೆ ಇಂದಿಗೂ ಮುಖ್ಯ ಆಧಾರ ಅಂಕಿತವೇ.

ವಾಟ್ಸ್‌ಆ್ಯಪ್‌ನಲ್ಲಿ 2018ರಿಂದ ಮುಂದಕ್ಕೆ ರವಾನಿಸಿದ ಸಂದೇಶದ ಮೇಲೆ ಹಾಗೆಂದು ಸೂಚಿಸುವ ಗುರುತು ಕಾಣಿಸುತ್ತದೆ. ಅದು ಬರಹ ಬೇರೆಡೆಯಿಂದ ಬಂದುದನ್ನು ತಿಳಿಸುತ್ತದೆ. ಯಾರಿಂದ ಹುಟ್ಟಿತು ಎಂಬುದನ್ನು ತಿಳಿಸುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮು, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನೂ ತನ್ನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿಕೃತಗೊಳಿಸುವುದನ್ನು ತಡೆಯುವ ಹಕ್ಕನ್ನೂ ಕರ್ತೃವಿಗೆ ಕೊಟ್ಟಿದೆ. ಆದರೆ ನಾಲ್ಕು ಸಾಲಿನ ಕವಿತೆಗಾಗಿ ಕಾರ್ಮಿಕನೊಬ್ಬ ನ್ಯಾಯಾಲಯದ ಮೆಟ್ಟಿಲನ್ನು ಹತ್ತಲಾರ. ಅವನ ಹಕ್ಕನ್ನು ಕಾಯಬೇಕಾದುದು ಬಳಗದ ಸದಸ್ಯರ ನಡತೆ. ಹೆಸರಿಲ್ಲದ ಬರಹವನ್ನು ಮುಂದಕ್ಕೆ ಕಳಿಸದಿರುವುದು, ಬರಹದ ಕೊನೆಯಲ್ಲಿ ಹೆಸರು, ಊರು, ದಿನಾಂಕಗಳನ್ನು ಸೇರಿಸುವುದು, ಪದವೊಂದು ತಿಳಿಯದಿದ್ದರೆ ತಿದ್ದದೆ ಬರೆದವರನ್ನೇ ಕೇಳುವುದು ಇವು ಈ ನಡತೆಯ ಪ್ರಾಥಮಿಕ ನಿಯಮಗಳು. 'ಚಾಳು ಎಂದರೇನು?' ಎಂದು ಒಬ್ಬರು ಕೇಳಿದ್ದರೆ ಆ ಸಾಲೂ ಉಳಿಯುತ್ತಿತ್ತು, ಓದುಗರ ಪದಸಂಪತ್ತೂ ಬೆಳೆಯುತ್ತಿತ್ತು.

6. ಪ್ರತಿಸ್ಪಂದನ

ಮೇಲಿನ ಪ್ರಶ್ನೆ ನಮ್ಮನ್ನು ಭಾಗವಹಿಸುವಿಕೆಯ ತಿರುಳಿಗೆ ಕೊಂಡೊಯ್ಯುತ್ತದೆ. ಹದಿನೈದನೆಯ ಶತಮಾನದಿಂದ ನಾಲ್ಕು ಪರಿಷ್ಕರಣಗಳಲ್ಲಿ ಸಿದ್ಧವಾದ 'ಶೂನ್ಯಸಂಪಾದನೆ' ವಚನಗಳನ್ನು ಬಿಡಿಬಿಡಿಯಾಗಿ ಸಂಕಲಿಸಲಿಲ್ಲ. ಒಂದು ವಚನಕ್ಕೆ ಇನ್ನೊಂದನ್ನು ಉತ್ತರವಾಗಿ, ಆಕ್ಷೇಪವಾಗಿ, ಒಪ್ಪಿಗೆಯಾಗಿ ಜೋಡಿಸಿ ಸಂವಾದವನ್ನು ಕಟ್ಟಿತು. ಐತಿಹಾಸಿಕವಾಗಿ ಆ ಮಾತುಗಳು ಅದೇ ಕ್ರಮದಲ್ಲಿ ನಡೆದುವೆ ಎಂಬುದು ಬೇರೆ ಪ್ರಶ್ನೆ. ಬಳಗವೆಂದರೆ ಪರಸ್ಪರ ಪರೀಕ್ಷೆ ಎಂದು ಸಂಕಲನಕಾರರು ತಿಳಿದಿದ್ದರೆಂಬುದು ಇಲ್ಲಿ ಮುಖ್ಯ.

ಇದಕ್ಕೆ ಹೋಲಿಸಿದರೆ ಮೆಚ್ಚುಗೆಯ ಹೆಬ್ಬೆರಳು, ಜೋಡಿಸಿದ ಕೈ, ಹೂಗುಚ್ಛಗಳ ಚಿಹ್ನೆಗಳು ಬಡವಾದ ಪ್ರತಿಸ್ಪಂದನಗಳು. ಅವು ಸೌಜನ್ಯವನ್ನು ಸೂಚಿಸುತ್ತವೆ, ಓದಿದುದನ್ನು ಸೂಚಿಸುವುದಿಲ್ಲ. 2022ರಲ್ಲಿ ವಾಟ್ಸ್‌ಆ್ಯಪ್ ಬಳಗವೊಂದರ ಸದಸ್ಯರ ಮಿತಿ 1024ಕ್ಕೆ ಏರಿತು. ಸಾವಿರ ಜನರಿರುವ ಬಳಗದಲ್ಲಿ ಎಲ್ಲರೂ ಬರೆದು ಯಾರೂ ಓದದಿದ್ದರೆ ಅದು ಸಂತೆಯಾದೀತೇ ಹೊರತು ಗೋಷ್ಠಿಯಾಗದು. ಹಳೆಯ ಕವಿಗೋಷ್ಠಿಯಲ್ಲಿ ತನ್ನ ಸರದಿ ಬರುವವರೆಗೆ ಕವಿಯು ಇತರರನ್ನು ಕೇಳಲೇಬೇಕಾಗಿತ್ತು. ಕೆಲವೊಮ್ಮೆ ಅದು ಬೇಸರ ತರಿಸಿದ್ದೀತು. ಆದರೂ ಆ ಅನಿವಾರ್ಯವಾದ ಕಾಯುವಿಕೆ ಒಂದು ಶಿಕ್ಷಣವಾಗಿತ್ತು.

ಮೊಬೈಲು ಕಾಯುವ ಒತ್ತಾಯವನ್ನು ತೆಗೆದುಹಾಕಿದೆ. ಆದುದರಿಂದ ಆ ಶಿಸ್ತನ್ನು ಸದಸ್ಯರೇ ಸ್ವಂತ ಇಚ್ಛೆಯಿಂದ ವಹಿಸಿಕೊಳ್ಳಬೇಕು. ತನ್ನದೊಂದು ಬರಹವನ್ನು ಹಾಕುವ ಮುನ್ನ ಇತರರ ಎರಡು ಬರಹಗಳ ಬಗ್ಗೆ ಎರಡೆರಡು ವಾಕ್ಯ ಬರೆಯಬೇಕೆಂಬ ಕಟ್ಟಳೆಯನ್ನು ಬಳಗವೊಂದು ವಿಧಿಸಿಕೊಳ್ಳಬಹುದು. ಹೊಗಳಿಕೆಯನ್ನೊ ತೆಗಳಿಕೆಯನ್ನೊ ಬದಿಗಿಟ್ಟು, ಯಾವ ಪದ ಹಿಡಿಸಿತು, ಯಾವ ಸಾಲು ತಿಳಿಯಲಿಲ್ಲ ಎಂದು ನಿರ್ದಿಷ್ಟವಾಗಿ ಹೇಳಿದರೆ ಸಾಕು. ಮೊದಲ ಬಾರಿಗೆ ಬರೆಯುವ ಗೃಹಿಣಿಗೊ ಕಾರ್ಮಿಕನಿಗೊ ಅಂಥ ಒಂದು ವಾಕ್ಯ ನೂರು ಹೂಗುಚ್ಛಗಳಿಗಿಂತ ಹೆಚ್ಚು ಉಪಕಾರಿ. ತನ್ನನ್ನು ಯಾರೋ ನಿಜವಾಗಿ ಓದಿದ್ದಾರೆಂಬ ಅರಿವೇ ಮುಂದಿನ ಬರಹಕ್ಕೆ ಪ್ರೇರಣೆ.

7. ಸಂಗ್ರಹದ ಹೊಣೆ

ಅಂತರ್ಜಾಲಕ್ಕೆ ಹೋದುದು ಶಾಶ್ವತವೆಂಬ ನಂಬಿಕೆ ಪ್ರಚಾರದಲ್ಲಿದೆ. ಅನುಭವ ಇದಕ್ಕೆ ವಿರುದ್ಧವಾಗಿದೆ. ಒಂದು ಕಾಲಕ್ಕೆ ಭಾರತದಲ್ಲಿ ಬಹಳ ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಯಾಹೂ ಗುಂಪುಗಳು 2020ರ ಡಿಸೆಂಬರಿನಲ್ಲಿ ಕೊನೆಗೊಂಡವು. ಅವುಗಳೊಂದಿಗೆ ವರ್ಷಗಟ್ಟಲೆಯ ಚರ್ಚೆ, ಕವಿತೆ, ಪತ್ರಗಳು ಕಣ್ಮರೆಯಾದವು. ಮೊಬೈಲು ಕೆಟ್ಟರೆ, ಸಂಖ್ಯೆ ಬದಲಾದರೆ, ನಿರ್ವಾಹಕರು ತೀರಿಕೊಂಡರೆ ಬಳಗವೊಂದರ ಬರಹಗಳು ಸದ್ದಿಲ್ಲದೆ ಅಳಿಯುತ್ತವೆ. ಓಲೆಗರಿಗೆ ಗೆದ್ದಲು ಶತ್ರುವಾಗಿತ್ತು. ಇಲ್ಲಿ ಗೆದ್ದಲಿನ ಗುರುತೂ ಉಳಿಯುವುದಿಲ್ಲ.

ವಚನಸಾಹಿತ್ಯ ನಮಗೆ ದೊರೆತುದು ಸಂಗ್ರಹಕಾರರಿಂದ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880-1964) ಮನೆಮಠಗಳ ಓಲೆಗರಿಗಳನ್ನು ಹುಡುಕಿ ತಂದು ಪರಿಶೋಧಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು; ಮುದ್ರಣಾಲಯವನ್ನೂ ಪತ್ರಿಕೆಯನ್ನೂ ಅದಕ್ಕಾಗಿಯೇ ನಡೆಸಿದರು. ಇಂದಿನ ಬಳಗಗಳಿಗೆ ಅಷ್ಟು ದೊಡ್ಡ ತ್ಯಾಗ ಬೇಕಿಲ್ಲ. ಪ್ರತಿ ತಿಂಗಳೂ ಸದಸ್ಯರ ಬರಹಗಳಲ್ಲಿ ಆಯ್ದವುಗಳನ್ನು ಹೆಸರು, ಊರು, ದಿನಾಂಕಗಳೊಡನೆ ಒಂದೆಡೆ ಯೂನಿಕೋಡ್ ಅಕ್ಷರಗಳಲ್ಲಿ ಸೇರಿಸುವುದು, ಬರೆದವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುವುದು, ವರ್ಷಕ್ಕೊಮ್ಮೆ ಅಚ್ಚಿನ ಪ್ರತಿಗಳನ್ನು ತೆಗೆದು ಸಂಘದ ಹಾಗೂ ವಿಶ್ವವಿದ್ಯಾಲಯದ ಗ್ರಂಥಾಲಯಗಳಿಗೆ ಒಪ್ಪಿಸುವುದು ಇವಿಷ್ಟು ಸಾಕು. ಖಾಸಗಿ ಮಾತುಕತೆಯನ್ನು ಇದರಲ್ಲಿ ಸೇರಿಸಬಾರದು. ಬಳಗದ ಎಲ್ಲ ಮಾತೂ ಸಾಹಿತ್ಯವಲ್ಲ; ಎಲ್ಲವನ್ನೂ ಉಳಿಸಬೇಕಾಗಿಯೂ ಇಲ್ಲ. ಆಯ್ಕೆಯೂ ಸಂಪಾದಕನ ಹೊಣೆಯೇ.

8. ಸಮಾರೋಪ

ಹಂಚಿಕೆ ಒಂದು ಕ್ರಿಯೆ. ಭಾಗವಹಿಸುವಿಕೆ ಒಂದು ಹೊಣೆ. ತನ್ನ ಬರಹವನ್ನು ಕಳಿಸುವವನು ಹಂಚುತ್ತಾನೆ. ಇತರರ ಬರಹವನ್ನು ಓದಿ ಉತ್ತರಿಸುವವನು, ಅದರ ಅಂಕಿತವನ್ನೂ ಪಾಠವನ್ನೂ ಕಾಯುವವನು, ಅದು ನಾಳೆಗೂ ಉಳಿಯುವಂತೆ ನೋಡಿಕೊಳ್ಳುವವನು ಭಾಗವಹಿಸುತ್ತಾನೆ. ಶರಣರ ಗೋಷ್ಠಿಯಿಂದ ಎಂಐಡಿಸಿಯ ಮೊಬೈಲು ಬಳಗದವರೆಗೆ ಸಾಧನಗಳು ಬದಲಾಗಿವೆಯಾದರೂ ಈ ಮೂರು ಹೊಣೆಗಳು ಬದಲಾಗಿಲ್ಲ.

ಕನ್ನಡ ವಿಭಾಗದ ವಿದ್ಯಾರ್ಥಿಗಳು ಈ ವಿಷಯದಲ್ಲಿ ಕ್ಷೇತ್ರಕಾರ್ಯವನ್ನು ಕೈಗೊಳ್ಳಲು ಅವಕಾಶವಿದೆ. ತಮಗೆ ಪರಿಚಿತವಾದ ಬಳಗವೊಂದರ ಸದಸ್ಯರ ಅನುಮತಿ ಪಡೆದು, ಹೆಚ್ಚು ಹರಿದಾಡಿದ ಕವಿತೆಯೊಂದರ ಪಾಠಗಳನ್ನೆಲ್ಲ ಸೇರಿಸಿ, ಪಾಠಾಂತರಗಳನ್ನು ಪಟ್ಟಿಮಾಡಿ, ಮೂಲಪಾಠವನ್ನೂ ಕರ್ತೃವನ್ನೂ ಪತ್ತೆಹಚ್ಚುವುದು ಗ್ರಂಥಸಂಪಾದನೆಯ ಉತ್ತಮ ಅಭ್ಯಾಸವಾದೀತು. ಓಲೆಗರಿಯ ಕವಿಯನ್ನು ನಾವು ಕೇಳಲಾರೆವು. ಡೊಂಬಿವಲಿಯ ಕವಿಯನ್ನು ಕೇಳಬಹುದು. ಎರಡನೆಯ ಪಾಳಿ ಮುಗಿಯುವವರೆಗೆ ಕಾದರೆ ಸಾಕು. 'ಬಾಳಿನ' ಎಂಬುದನ್ನು ಹೊಡೆದುಹಾಕಿ 'ಚಾಳಿನ' ಎಂದು ಮತ್ತೆ ಬರೆಯಬಲ್ಲವನು ಅವನೇ. ಅವನು ಬರೆಯುವುದನ್ನು ನಿಲ್ಲಿಸುವ ಮೊದಲೇ ನಾವು ಕೇಳಬೇಕಾಗಿದೆ.